ಬೊಂಬಾಯಿಯಲ್ಲಿ ಹುಟ್ಟಿದ ಸಿಂಗಪುರದ ಡಾಲರ್

1867ರಲ್ಲಿ ಸಿಂಗಪುರವು ಇಂಡಿಯಾ ಸರ್ಕಾರದ ಕೈಯಿಂದ ಲಂಡನ್ನಿನ ನೇರ ಆಳ್ವಿಕೆಗೆ ಹೋಯಿತು. ಅದರೊಂದಿಗೆ ನಮ್ಮ ರೂಪಾಯಿಯ ಮಾನ್ಯತೆಯೂ ಅಲ್ಲಿ ಮುಗಿಯಿತು. ಮುಂದೆ ಪೇಟೆಯನ್ನು ಆಳಿದ್ದು ಮೆಕ್ಸಿಕೋದ ಬೆಳ್ಳಿ ಡಾಲರು. 1895ರಿಂದ ಬೊಂಬಾಯಿ, ಕಲ್ಕತ್ತಗಳಲ್ಲಿ ಅಚ್ಚಾದ ಬ್ರಿಟಿಷ್ ಡಾಲರೂ ಜೊತೆಗೂಡಿತು. ಬೆಳ್ಳಿಯ ದರ ಕುಸಿದಾಗಲೆಲ್ಲ ವರ್ತಕರ ಲೆಕ್ಕ ತಲೆಕೆಳಗಾಗುತ್ತಿತ್ತು. ಕೊನೆಗೆ 1903ರಲ್ಲಿ, ಸಿಂಗಪುರವೂ ಸೇರಿದ್ದ ಸ್ಟ್ರೇಟ್ಸ್ ವಸಾಹತಿನ ಸರ್ಕಾರ ತನ್ನದೇ ಸ್ಟ್ರೇಟ್ಸ್ ಡಾಲರ್ ತಂದಿತು. ಹಳೆಯ ಡಾಲರುಗಳನ್ನೇ ಹಡಗಿಗೇರಿಸಿ ಬೊಂಬಾಯಿ ಟಂಕಸಾಲೆಯಲ್ಲಿ ಕರಗಿಸಿ, ಏಳನೇ ಎಡ್ವರ್ಡನ ಮುಖ ಒತ್ತಿಸಿತು. ತೂಕ 26.95 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ. ಅದರ ಮೇಲಿನ ಪುಟ್ಟ 'ಬಿ' ಅಕ್ಷರ ಬೊಂಬಾಯಿಯ ಗುರುತು.

1906ರಲ್ಲಿ ಈ ಡಾಲರಿಗೆ 2 ಷಿಲಿಂಗ್ 4 ಪೆನ್ಸ್ ಎಂದು ಬೆಲೆ ಕಟ್ಟಿದರು. ಅಷ್ಟರಲ್ಲಿ ಬೆಳ್ಳಿ ದುಬಾರಿಯಾಗಿ, ನಾಣ್ಯವನ್ನು ಕರಗಿಸಿದರೇ ಲಾಭ ಎನ್ನುವಂತಾಯಿತು. 1907ರಲ್ಲಿ ತೂಕವನ್ನು 20.21 ಗ್ರಾಂಗೆ ಇಳಿಸಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919 ಮತ್ತು 1920ರ ಇಸವಿಯ ಡಾಲರು 16.85 ಗ್ರಾಂ ಆಯಿತು, ಬೆಳ್ಳಿ ಅರ್ಧಕ್ಕರ್ಧ. ಅಗಲದಲ್ಲಿ 1907ರ ಡಾಲರಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಹಾಗಾಗಿ ಇಸವಿ ಓದಿ, ಆಮೇಲೆ ತೂಗಿ, ಕಣ್ಣಳತೆ ಸಾಲದು.

ಚಿಲ್ಲರೆಯ ಕಥೆಯೂ ಇದೇ ಜಾಡಿನದು. 1871ರ 5, 10, 20 ಸೆಂಟುಗಳಲ್ಲಿ 80 ಪಾಲು ಬೆಳ್ಳಿ. 1918ರ ವೇಳೆಗೆ 40. 1939ರಲ್ಲಿ 'ಮಲಯ' ಎಂಬ ಹೆಸರಿನಲ್ಲಿ ಬಂದವುಗಳಲ್ಲಿ 75, ಯುದ್ಧಕಾಲದ 1943 ಮತ್ತು 1945ರವುಗಳಲ್ಲಿ 50. ನನ್ನನ್ನು ಹಿಡಿದು ನಿಲ್ಲಿಸುವುದು 1943ರ ನಾಣ್ಯ. ಅದು ಅಚ್ಚಾದಾಗ ಸಿಂಗಪುರ ಜಪಾನೀಯರ ವಶದಲ್ಲಿತ್ತು, ಬೀದಿಯಲ್ಲಿ ನಡೆಯುತ್ತಿದ್ದುದು ಬಾಳೆಗಿಡದ ಚಿತ್ರದ ಜಪಾನಿ ನೋಟು. ನೆಲ ಮರಳಿ ಸಿಗುವ ಮೊದಲೇ ಆ ನೆಲಕ್ಕಾಗಿ ಟಂಕಿಸಿದ ಹಣವದು!

1948ರ ಇಸವಿಯಿಂದ ಈ 5, 10, 20 ಸೆಂಟುಗಳೆಲ್ಲ ತಾಮ್ರ-ನಿಕ್ಕಲ್ ಮಿಶ್ರಣ. ಸ್ವತಂತ್ರ ಸಿಂಗಪುರ 1967ರಲ್ಲಿ ಹೊರತಂದ ಸಿಂಹದ ಡಾಲರಿನಲ್ಲೂ ಬೆಳ್ಳಿಯಿಲ್ಲ. ನಾಣ್ಯ ಬೆಳ್ಳಿಯದೋ ಅಲ್ಲವೋ ಎಂದು ತಿಳಿಯಲು ಇಲ್ಲಿ ಅಯಸ್ಕಾಂತವನ್ನು ನಂಬುವಂತಿಲ್ಲ. ನಮ್ಮ 1947ರ ನಿಕ್ಕಲ್ ರೂಪಾಯಿ ಅದಕ್ಕೆ ಅಂಟಿಕೊಳ್ಳುತ್ತದೆ, ತಾಮ್ರ-ನಿಕ್ಕಲ್ ಆಗಲಿ ಬೆಳ್ಳಿಯಾಗಲಿ ಅಂಟುವುದಿಲ್ಲ. ಸಾಂದ್ರತೆ ಅಳೆದರೆ ಗುಟ್ಟು ಬಿಡುತ್ತದೆ: 90 ಪಾಲಿನ ಬೆಳ್ಳಿ ಘನ ಸೆಂಟಿಮೀಟರಿಗೆ ಸುಮಾರು 10.3 ಗ್ರಾಂ, ತಾಮ್ರ-ನಿಕ್ಕಲ್ 8.9.

ಇನ್ನೊಂದು ಮಾತು. ದೇವರ ಪೆಟ್ಟಿಗೆಯಲ್ಲಿ ಇಂಥದ್ದೊಂದು ಹಳೆಯ ಡಾಲರು ಸಿಕ್ಕರೆ ದಯವಿಟ್ಟು ವಿಭೂತಿ ಹಾಕಿ ಉಜ್ಜಬೇಡಿ. ಉಜ್ಜಿದಷ್ಟೂ ಅಚ್ಚಿನ ಗೆರೆ ಸವೆಯುತ್ತದೆ, ಆ 'ಬಿ' ಅಕ್ಷರವೂ ಅಳಿಸಿಹೋಗಬಹುದು.