ವಿಮಾನಯಾನದಲ್ಲಿ ಕಳೆದ ಸಾಮಾನು: ಪರಿಹಾರದ ಹಕ್ಕು

ಬೆಂಗಳೂರಿನಿಂದ ಹೊರಟು ಪುಣೆಯ ಲೋಹೆಗಾಂವ್ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರ ಪೆಟ್ಟಿಗೆ ಬಾರದಿದ್ದಲ್ಲಿ, ಅವರು ನಿಲ್ದಾಣವನ್ನು ಬಿಡುವ ಮುನ್ನವೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ದಾಖಲಿಸಿ ಅದರ ಪ್ರತಿಯನ್ನು ಪಡೆಯತಕ್ಕದ್ದು. ಬೋರ್ಡಿಂಗ್ ಪಾಸ್ ಹಾಗೂ ಸಾಮಾನಿನ ಚೀಟಿಯನ್ನು ಜೋಪಾನವಾಗಿಡಬೇಕು. ಬಾಯಿಮಾತಿನ ಭರವಸೆಗೆ ಮುಂದೆ ಬೆಲೆಯಿರುವುದಿಲ್ಲ.

ಪೆಟ್ಟಿಗೆಯು 21 ದಿನಗಳಾದರೂ ತಲುಪದಿದ್ದಲ್ಲಿ ಅದು ಕಳೆದುಹೋಯಿತೆಂದು ಪರಿಹಾರ ಕೇಳಬಹುದು. ದೇಶದೊಳಗಿನ ಪ್ರಯಾಣದಲ್ಲಿ ಸಂಸ್ಥೆಯ ಹೊಣೆಗೆ ಪ್ರತಿ ಪ್ರಯಾಣಿಕರಿಗೆ 20,000 ರೂಪಾಯಿಗಳ ಮಿತಿಯಿದೆ. ಇದು ಗರಿಷ್ಠ ಮೊತ್ತವೇ ಹೊರತು ತಾನಾಗಿ ಕೈಸೇರುವ ಹಣವಲ್ಲ. ವಸ್ತುಗಳ ಪಟ್ಟಿಯನ್ನೂ ರಸೀದಿಗಳನ್ನೂ ಒದಗಿಸಬೇಕಾಗುತ್ತದೆ. ಮದುವೆಗೆಂದು ಕೊಂಡ ರೇಷ್ಮೆ ಸೀರೆಗಳಿಗೆ ಈ ಮೊತ್ತ ಸಾಲದಿರಬಹುದು. ಆದುದರಿಂದಲೇ, ಸಾಮಾನನ್ನು ಒಪ್ಪಿಸುವಾಗಲೇ ಅದರ ಮೌಲ್ಯವನ್ನು ಘೋಷಿಸಿ, ಕೇಳಿದಲ್ಲಿ ಹೆಚ್ಚುವರಿ ಶುಲ್ಕ ತೆತ್ತು, ಈ ಮಿತಿಯನ್ನು ಏರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ.

ಸಂಸ್ಥೆಯು ನೀಡಹೊರಟ ಮೊತ್ತವು ನ್ಯಾಯವೆನಿಸದಿದ್ದಲ್ಲಿ, ಪೂರ್ಣ ಪರಿಹಾರ ಸಂದಿತೆಂಬ ಪತ್ರಕ್ಕೆ ಸಹಿ ಮಾಡಕೂಡದು. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅದರಿಂದಲೂ ಫಲ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಸಂಸ್ಥೆಯ ಮುಖ್ಯ ಕಚೇರಿ ಎಲ್ಲಿಯೇ ಇರಲಿ, ಪುಣೆಯಲ್ಲಿ ನೆಲೆಸಿದವರು ಪುಣೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವಾಸಸ್ಥಳದ ಆಧಾರದ ಮೇಲೆ ಈ ಅನುಕೂಲವನ್ನು ಕಲ್ಪಿಸಿದ್ದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರನ್ನು ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು.