ದುಷ್ಟನ ಕೈಯ ತಕ್ಕಡಿ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಪಂಪನ ತಾಯಿ ಅಬ್ಬಣಬ್ಬೆಯ ಮನೆತನದ ಊರು. ಕ್ರಿ.ಶ. 941ರ ಪಂಪಭಾರತದಲ್ಲಿ ಅರ್ಜುನನು ನಾಯಕ, ದುರ್ಯೋಧನನು ವೈರಿ. ಆದರೂ ಕಾವ್ಯದ ಕೊನೆಯಲ್ಲಿ ಭಾರತದ ವೀರರನ್ನು ಒಂದೊಂದು ಗುಣಕ್ಕಾಗಿ ನೆನೆಯುವಾಗ ಕವಿಯು ದುರ್ಯೋಧನನನ್ನೂ ಅವನ ಛಲಕ್ಕಾಗಿ ಸೇರಿಸಿದ್ದಾನೆ. 'ದುಷ್ಟ'ನೆಂಬ ಚೀಟಿಯಂಟಿಸಿ ಬಿಟ್ಟಿಲ್ಲ. ಆ ಚೀಟಿಯನ್ನು ದುರ್ಯೋಧನನಾದರೂ ಒಪ್ಪುತ್ತಿದ್ದನೆ? ಹಿರಿಯನ ಮಗನಾದ ತನಗೇ ರಾಜ್ಯವು ಸಲ್ಲತಕ್ಕದ್ದೆಂಬುದು ಅವನ ವಾದ.

ಅಮೆರಿಕದಲ್ಲಿ 1974ರಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟದಲ್ಲಿ ಆಟಗಾರನು ತನ್ನ ಪಾತ್ರದ ಹಾಳೆಯ ಮೇಲೆ 'ಕೆಟ್ಟವನು' ಎಂದು ತಾನೇ ಬರೆದುಕೊಳ್ಳಬಹುದು. ಜೀವನದಲ್ಲಿ ಹಾಗೆ ಬರೆದುಕೊಳ್ಳುವವರು ವಿರಳ. ದಕ್ಷಿಣ ಇಂಗ್ಲೆಂಡಿನ ಸೆರೆಮನೆಯೊಂದರಲ್ಲಿ 79 ಕೈದಿಗಳನ್ನು ಸೆಡಿಕಿಡೀಸ್ ಮತ್ತು ಅವರ ಸಂಗಡಿಗರು ಪ್ರಶ್ನಿಸಿದ ಫಲಿತಾಂಶವು 2014ರಲ್ಲಿ ಪ್ರಕಟವಾಯಿತು. ದಯೆ, ಪ್ರಾಮಾಣಿಕತೆ, ಔದಾರ್ಯ ಮೊದಲಾದ ಗುಣಗಳಲ್ಲಿ ಕೈದಿಗಳು ತಮ್ಮನ್ನು ಹೊರಗಿನ ಸಾಮಾನ್ಯ ಪ್ರಜೆಗಿಂತ ಮೇಲೆಂದೇ ಎಣಿಸಿದ್ದರು. ಕಾನೂನುಪಾಲನೆಯೊಂದರಲ್ಲಿ ಮಾತ್ರ ಸಂಕೋಚ ತೋರಿದರು. ಅಲ್ಲಿಯೂ ತಾವು ಕೀಳೆನ್ನಲಿಲ್ಲ, ಸಮಾನರೆಂದರು!

ಇದು ಬರಿಯ ಸುಳ್ಳೆ? ನಮಗೆ ತಕ್ಕಡಿಯ ನೆನಪಾಗುತ್ತದೆ. ಒಂದು ತೋಳು ಕೊಂಚ ಉದ್ದವಾದ ತಕ್ಕಡಿಯನ್ನೂ ಬರಿದಾಗಿರುವಾಗ ಸಮವಾಗಿ ನಿಲ್ಲುವಂತೆ ಮಾಡಬಹುದು. ಅದರಲ್ಲಿ ಸರಕನ್ನು ಎಷ್ಟು ಸಲ ತೂಗಿದರೂ ಒಂದೇ ತಪ್ಪು ತೂಕವು ಬರುವುದು. ಮತ್ತೆ ಮತ್ತೆ ಅದೇ ಬರುವುದರಿಂದ ತೂಗುವವನ ನಂಬಿಕೆಯು ಇನ್ನಷ್ಟು ಬಲಿಯುವುದು. ಸರಕನ್ನೂ ತೂಕದ ಕಲ್ಲನ್ನೂ ಅದಲುಬದಲು ಮಾಡಿದಾಗಲೇ ದೋಷವು ಹೊರಬೀಳುತ್ತದೆ.

ಮನಸ್ಸಿನ ವಿಷಯದಲ್ಲಿಯೂ ಈ ಅದಲುಬದಲನ್ನು ಮಾಡಿ ನೋಡಿದವರಿದ್ದಾರೆ. ರಾಯ್ ಬಾಮೈಸ್ಟರ್ ಮತ್ತು ಇಬ್ಬರು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿಯೊಬ್ಬರೂ ಎರಡು ನಿಜ ಪ್ರಸಂಗಗಳನ್ನು ಬರೆದರು: ಒಂದು, ಇತರರು ತಮ್ಮನ್ನು ಕೆರಳಿಸಿದ್ದು; ಇನ್ನೊಂದು, ತಾವು ಇತರರನ್ನು ಕೆರಳಿಸಿದ್ದು. ನೊಂದವರಾಗಿ ಬರೆದಾಗ ಕೃತ್ಯವು ಅರ್ಥವಿಲ್ಲದ ಕ್ರೌರ್ಯ, ಗಾಯವು ಇನ್ನೂ ಹಸಿ. ನೋಯಿಸಿದವರಾಗಿ ಬರೆದಾಗ ಅದಕ್ಕೊಂದು ಕಾರಣವಿತ್ತು. ಆದದ್ದು ಅಂದಿಗೇ ಮುಗಿದಿತ್ತು. ಇವರು ಕೈದಿಗಳಲ್ಲ, ವಾಚಕರಂತೆಯೂ ನಮ್ಮಂತೆಯೂ ಸಾಮಾನ್ಯರು. ಎರಡನ್ನೂ ಬರೆದ ಕೈಯೂ ಒಂದೇ. ಹಿಂಸೆಯಲ್ಲಿಯೇ ಸುಖಪಡುವ ಕೆಲವರೂ ಲೋಕದಲ್ಲಿದ್ದಾರೆ, ನಿಜ. ಆದರೆ ಅವರು ಕೆಲವರೇ.

ಹಾಗಾದರೆ ಕೇಡೆಂಬುದು ಬರಿಯ ನೋಟಭೇದವೇ ಎಂದು ಯಾರಾದರೂ ಕೇಳಿಯಾರು. ನಾವು ಒಪ್ಪುವುದಿಲ್ಲ. ತಕ್ಕಡಿಯು ಎರಡು ತೂಕಗಳನ್ನು ತೋರಿತೆಂದ ಮಾತ್ರಕ್ಕೆ ಸರಕಿಗೆ ತೂಕವೇ ಇಲ್ಲವೆಂದಾಗದು. ಅವೆರಡರ ಗುಣಲಬ್ಧದ ವರ್ಗಮೂಲವನ್ನು ತೆಗೆದರೆ ನಿಜವಾದ ತೂಕವು ದೊರೆಯುತ್ತದೆ. ನಡತೆಯನ್ನು ತೂಗಲು ಇಂತಹ ಸುಲಭ ಸೂತ್ರವಿಲ್ಲ. ಅಲ್ಲಿ ಎದುರು ತಟ್ಟೆಯಲ್ಲಿರುವವರನ್ನೇ ಕೇಳಬೇಕಾಗುತ್ತದೆ. ಕುರುಸಭೆಯಲ್ಲಿ ದ್ರೌಪದಿಯು ಎತ್ತಿದ ಪ್ರಶ್ನೆಗೆ ಹಿರಿಯರು ಉತ್ತರ ಕೊಡಲಿಲ್ಲ.