ಸ್ಕ್ಯಾನಿಂಗ್ ವರದಿ ಆತಂಕ ತಂದಾಗ

(ಬದನಗುಪ್ಪೆಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

 



ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಬಂದ ಕೆಲವು ಮನೆಗಳಲ್ಲಿ ದೊಡ್ಡ ಭಯ ಆವರಿಸುವುದನ್ನು ನಾವು ಕಾಣುತ್ತೇವೆ. ವರದಿಯಲ್ಲಿ ಅರ್ಥವಾಗದ ಇಂಗ್ಲಿಷಿನ ಒಂದು ಸಾಲು ಇರುತ್ತದೆ. “ಇನ್ನೊಮ್ಮೆ ನೋಡಬೇಕು, ಮೈಸೂರಿಗೆ ಹೋಗಿ” ಎಂದು ಡಾಕ್ಟರು ಹೇಳಿರುತ್ತಾರೆ. ಸಂಜೆಯಾಗುವಷ್ಟರಲ್ಲಿ ಅದೇ ಮಾತು ನೆಂಟರಿಷ್ಟರ ಬಾಯಲ್ಲಿ “ಮಗು ಸರಿಯಿಲ್ಲವಂತೆ” ಎಂದಾಗಿರುತ್ತದೆ. ಗರ್ಭಿಣಿ ಊಟ ನಿದ್ದೆ ಬಿಡುತ್ತಾಳೆ. ಕೆಲವರು ಹೆದರಿ ಎರಡನೇ ಸ್ಕ್ಯಾನಿಂಗಿಗೇ ಹೋಗುವುದಿಲ್ಲ. ಕೇಳಿದರೆ, “ಅಲ್ಲಾಹನ ಮೇಲೆ ಭಾರ ಹಾಕಿದ್ದೇವೆ” ಎನ್ನುತ್ತಾರೆ.

ಇದು ತವಕ್ಕುಲ್ ಆಗುವುದಿಲ್ಲ. ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದೂ ಹೇಳಿದರು. ಡಾಕ್ಟರು ಹೇಳಿದ ದಿನ, ಹೇಳಿದ ಕಡೆ ಮರುಪರೀಕ್ಷೆಗೆ ಹೋಗುವುದೇ ನಾವು ಒಂಟೆ ಕಟ್ಟುವ ರೀತಿ. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ.

ಗರ್ಭದಲ್ಲಿರುವುದನ್ನು ಅಲ್ಲಾಹನು ಮಾತ್ರ ಬಲ್ಲನೆಂದು ಕುರ್‌ಆನ್ ಹೇಳಿರುವಾಗ ಮೆಷಿನ್ ಇಟ್ಟು ನೋಡಬಹುದೇ ಎಂದು ಕೆಲವರು ಕೇಳುತ್ತಾರೆ. ಸ್ಕ್ಯಾನಿಂಗ್ ಯಂತ್ರ ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಒಳಗೆ ಕಳಿಸಿ, ಮರಳಿ ಬಂದ ಅಲೆಗಳಿಂದ ಚಿತ್ರ ಮಾಡುತ್ತದೆ. ಇಂದಿನ ಆಕಾರ ಅದಕ್ಕೆ ಕಾಣುತ್ತದೆ. ಆ ಮಗುವಿನ ಆಯುಷ್ಯ, ರಿಝ್ಕ್, ಭಾಗ್ಯ ಯಾವುದೂ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಯಂತ್ರವನ್ನು ಬಳಸುವುದು ಈಮಾನಿಗೆ ವಿರುದ್ಧವಲ್ಲ. ಆದರೆ ಗಂಡೋ ಹೆಣ್ಣೋ ಎಂದು ಕೇಳುವುದನ್ನೂ ಹೇಳುವುದನ್ನೂ 1994ರ ಕಾಯ್ದೆ ನಿಷೇಧಿಸಿದೆ. ಅದನ್ನು ಕೇಳಬೇಡಿ.

ವರದಿಯ ಮಾತಿನ ಅರ್ಥವೇನು?

ಗರ್ಭಿಣಿಗೆ 11ರಿಂದ 14 ವಾರಗಳ ನಡುವೆ ಒಂದು ಸ್ಕ್ಯಾನಿಂಗ್, 18ರಿಂದ 20 ವಾರಗಳ ಹೊತ್ತಿಗೆ ಮಗುವಿನ ಅಂಗಾಂಗಗಳನ್ನು ಒಂದೊಂದಾಗಿ ನೋಡುವ ಇನ್ನೊಂದು ಸ್ಕ್ಯಾನಿಂಗ್ ಮಾಡುತ್ತಾರೆ. ಈ ಎರಡನೆಯದರಲ್ಲಿ ಕೆಲವೊಮ್ಮೆ ಮಗುವಿನ ಹೃದಯದಲ್ಲಿ ಬಿಳಿ ಚುಕ್ಕೆ, ಮೆದುಳಿನಲ್ಲಿ ಸಣ್ಣ ನೀರಿನ ಗುಳ್ಳೆ ಅಥವಾ ಕಿಡ್ನಿಯಲ್ಲಿ ತುಸು ನೀರು ನಿಂತಂತೆ ಕಾಣುತ್ತದೆ. ಇವನ್ನು ಡಾಕ್ಟರು ‘ಸಾಫ್ಟ್ ಮಾರ್ಕರ್’ ಎನ್ನುತ್ತಾರೆ. ಇವು ಕಾಯಿಲೆಯ ಹೆಸರಲ್ಲ, ಇನ್ನಷ್ಟು ಗಮನವಿಟ್ಟು ನೋಡಬೇಕೆಂಬ ಸೂಚನೆ. ಬೇರೆ ಯಾವ ದೋಷವೂ ಇಲ್ಲದಿದ್ದರೆ ಇಂಥ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮೆದುಳಿನ ಆ ಗುಳ್ಳೆ ಸಾಮಾನ್ಯವಾಗಿ ಏಳನೇ ತಿಂಗಳ ಹೊತ್ತಿಗೆ ತಾನಾಗಿಯೇ ಮಾಯವಾಗುತ್ತದೆ. “ಮಾಸು ಕೆಳಗಿದೆ” ಎಂದು ಐದನೇ ತಿಂಗಳಲ್ಲಿ ಬರೆದಿದ್ದರೂ, ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಮೇಲಕ್ಕೆ ಸರಿಯುತ್ತದೆ.

ರಕ್ತಪರೀಕ್ಷೆಯಲ್ಲಿ “250ಕ್ಕೆ 1” ಎಂಬಂಥ ಲೆಕ್ಕವೂ ಬರುತ್ತದೆ. ಅಷ್ಟೇ ಅಪಾಯವಿರುವ 250 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಆ ತೊಂದರೆ ಇರಬಹುದು, 249 ಮಕ್ಕಳಿಗೆ ಇರುವುದಿಲ್ಲ ಎಂದು ಇದರ ಅರ್ಥ. ಖಚಿತಪಡಿಸಿಕೊಳ್ಳಲು ಗರ್ಭದ ನೀರು ತೆಗೆದು ಪರೀಕ್ಷಿಸುವ ವಿಧಾನವಿದೆ. ಅದರಿಂದ ಗರ್ಭಪಾತವಾಗುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಡಾಕ್ಟರ ಬಳಿ ವಿವರವಾಗಿ ಕೇಳಿಯೇ ಗಂಡ ಹೆಂಡತಿ ತೀರ್ಮಾನಿಸಬೇಕು.

ತಾಯಿಯನ್ನು ದೂರಬೇಡಿ

“ಗ್ರಹಣದ ದಿನ ಹೊರಗೆ ಬಂದಳು, ಕತ್ತರಿ ಹಿಡಿದಳು, ಅದಕ್ಕೇ ಮಗುವಿಗೆ ಸೀಳುತುಟಿ” ಎಂಬ ಮಾತು ನಮ್ಮ ಸೀಮೆಯಲ್ಲಿ ಇನ್ನೂ ಇದೆ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗಲೂ ಎಷ್ಟೋ ಗರ್ಭಿಣಿಯರನ್ನು ಕೋಣೆಯಲ್ಲಿ ಕೂರಿಸಿದ್ದರು. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿಯೇ ಗ್ರಹಣ ಹಿಡಿಯಿತೆಂದು ಜನ ಆಡಿಕೊಂಡರು. ಸೂರ್ಯ ಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಸಾವಿಗಾಗಿಯೂ ಹುಟ್ಟಿಗಾಗಿಯೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದು ಅವರು ಆ ದುಃಖದ ನಡುವೆಯೂ ಜನರನ್ನು ತಿದ್ದಿದರು. ಅಂಥ ಪ್ರವಾದಿಯ ಉಮ್ಮತ್ ಆದ ನಾವು ಗ್ರಹಣದ ಹೆಸರಿನಲ್ಲಿ ಸೊಸೆಯನ್ನು ನೋಯಿಸುವುದೇ?

ಎಷ್ಟೋ ಸಲ ದೋಷಕ್ಕೆ ಕಾರಣವೇ ತಿಳಿಯುವುದಿಲ್ಲ. ಕೆಲವು ತೊಂದರೆಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಅಂಥ ಸಾಧ್ಯತೆ ಸ್ವಲ್ಪ ಹೆಚ್ಚು. ಅದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಬೆನ್ನುಹುರಿಯ ಕೆಲವು ದೋಷಗಳನ್ನು ತಡೆಯಲು ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಬೇಕು. ಹೊಸದಾಗಿ ಮದುವೆಯಾದವರು ಇದನ್ನು ಕೇಳಿ ತಿಳಿದುಕೊಳ್ಳಲಿ.

ವಾರದ ಲೆಕ್ಕ ಏಕೆ ಮುಖ್ಯ?

ವರದಿಯಲ್ಲಿ ಗಂಭೀರ ದೋಷವಿದ್ದರೆ “ತೆಗೆಸಬಹುದೇ?” ಎಂಬ ಪ್ರಶ್ನೆ ಬರುತ್ತದೆ. 1990ರಲ್ಲಿ ಮಕ್ಕಾದಲ್ಲಿ ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಪರಿಷತ್ತು ಈ ಬಗ್ಗೆ ನಿರ್ಣಯ ಕೊಟ್ಟಿತು. ಮಗುವಿಗೆ ಚಿಕಿತ್ಸೆಯೇ ಇಲ್ಲದ ತೀವ್ರ ದೋಷವಿದೆಯೆಂದು ನಂಬಿಕಸ್ಥ ತಜ್ಞರ ಸಮಿತಿ ಖಚಿತಪಡಿಸಿದರೆ, ಗರ್ಭಕ್ಕೆ 120 ದಿನ ತುಂಬುವ ಮೊದಲು, ತಂದೆ ತಾಯಿ ಬಯಸಿದಲ್ಲಿ ಅವಕಾಶವಿದೆ. 120 ದಿನ ಕಳೆದ ಮೇಲೆ ತಾಯಿಯ ಜೀವಕ್ಕೆ ಖಚಿತ ಅಪಾಯವಿದ್ದರೆ ಮಾತ್ರ.

ಡಾಕ್ಟರು ಕೊನೆಯ ಮುಟ್ಟಿನಿಂದ ವಾರ ಎಣಿಸುತ್ತಾರೆ. ಗರ್ಭ ನಿಲ್ಲುವುದು ಅದಕ್ಕಿಂತ ಸುಮಾರು ಎರಡು ವಾರ ತಡವಾಗಿ. ಹಾಗಾಗಿ 120 ದಿನವೆಂದರೆ ಡಾಕ್ಟರ ಲೆಕ್ಕದಲ್ಲಿ ಸುಮಾರು 19 ವಾರ. ಸ್ಕ್ಯಾನಿಂಗಿನ ಸಮಯವೂ ಅದೇ. ಹೆದರಿ ಎರಡು ವಾರ ಮನೆಯಲ್ಲಿ ಕೂತರೆ ದಾರಿಯೇ ಮುಚ್ಚಿಹೋಗಬಹುದು. ದೇಶದ ಕಾನೂನಿನ ಗಡಿ ಬೇರೆ: 2021ರ ತಿದ್ದುಪಡಿಯಂತೆ ಗಂಭೀರ ದೋಷವಿದ್ದಾಗ 24 ವಾರದ ನಂತರವೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಆದರೆ ಕಾನೂನಿನ ಅನುಮತಿ ಸಿಕ್ಕಿದ ಮಾತ್ರಕ್ಕೆ ಶರೀಅತ್‌ನ ಅನುಮತಿ ಸಿಕ್ಕಂತಲ್ಲ. ಸಾಫ್ಟ್ ಮಾರ್ಕರ್ ಒಂದನ್ನೇ ನೋಡಿ ಗರ್ಭ ತೆಗೆಸುವುದಕ್ಕಂತೂ ಯಾವ ಆಧಾರವೂ ಇಲ್ಲ. ತಜ್ಞರ ವರದಿಯನ್ನು ಕೈಯಲ್ಲಿ ಹಿಡಿದು ಮುಫ್ತಿಗಳನ್ನು ಕೇಳಿ. ಫೋನಿನಲ್ಲಿ ಅರ್ಧ ಮಾತು ಹೇಳಿ ಫತ್ವಾ ಕೇಳಬೇಡಿ.

ಎಲ್ಲಿಗೆ ಹೋಗಬೇಕು?

ತಾಯಿ ಕಾರ್ಡ್ ಮತ್ತು ಹಳೆಯ ವರದಿಗಳೆಲ್ಲ ಜೊತೆಗಿರಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ. ನಮ್ಮೂರು ಮೈಸೂರಿನ ರೈಲು ಹಾದಿಯಲ್ಲೇ ಇರುವುದರಿಂದ ದೂರದ ನೆಪ ಬೇಡ. ಸೀಳುತುಟಿ, ತಿರುಚಿದ ಪಾದ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಇವಕ್ಕೆ ಚಿಕಿತ್ಸೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತವಾಗಿಯೂ ಸಿಗುತ್ತದೆ. ಮೊದಲೇ ತಿಳಿದಿದ್ದರೆ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಸಿದ್ಧರಾಗಬಹುದು. ಸ್ಕ್ಯಾನಿಂಗಿನಿಂದ ಆಗುವ ದೊಡ್ಡ ಉಪಕಾರ ಇದು.

ಗಂಡಂದಿರೇ, ಆ ದಿನದ ಕೂಲಿ ಹೋದರೂ ಹೆಂಡತಿಯ ಜೊತೆ ನೀವೇ ಹೋಗಿ. ಅತ್ತೆಯಂದಿರೇ, ವರದಿಯ ಮಾತು ಹೊಸ್ತಿಲು ದಾಟದಂತೆ ನೋಡಿಕೊಳ್ಳಿ. ನೆರೆಹೊರೆಯವರೇ, ಕೇಳಲು ಹೋಗಬೇಡಿ, ದುಆ ಮಾಡಿ. ಪ್ರಯಾಣಕ್ಕೆ ಹಣವಿಲ್ಲದ ಮನೆಯವರು ಜಮಾಅತ್‌ಗೆ ಗುಟ್ಟಾಗಿ ತಿಳಿಸಲಿ. ಬಡ ಗರ್ಭಿಣಿಯ ಒಂದು ಸ್ಕ್ಯಾನಿಂಗಿನ ಖರ್ಚು ಭರಿಸುವುದೂ ಸದಕಾ.

ಎಲ್ಲ ಪ್ರಯತ್ನದ ನಂತರವೂ ಕೆಲವು ಮಕ್ಕಳು ಉಳಿಯುವುದಿಲ್ಲ, ಕೆಲವು ಮಕ್ಕಳು ಜೀವನವಿಡೀ ಆರೈಕೆ ಬೇಡುತ್ತಾರೆ. ಆಗ ಅಳುವುದು ಸಬ್ರ್‌ಗೆ ವಿರುದ್ಧವಲ್ಲ. ಇಬ್ರಾಹೀಮರನ್ನು ಎತ್ತಿಕೊಂಡಿದ್ದ ಪ್ರವಾದಿವರ್ಯರ(ಸ) ಕಣ್ಣಲ್ಲೂ ನೀರು ಬಂದಿತ್ತು. ಅಲ್ಲಾಹನಿಗೆ ಒಪ್ಪದ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ವಿಶೇಷ ಆರೈಕೆ ಬೇಕಾದ ಮಗು ಹುಟ್ಟಿದ ಮನೆಗೂ ಉಳಿದ ಮನೆಗಳಿಗೆ ಹೋದಂತೆಯೇ ಮುಬಾರಕ್ ಹೇಳಲು ಹೋಗೋಣ. ಆ ಮಗುವಿಗೂ ಅಕೀಕಾ ಇದೆ, ಒಳ್ಳೆಯ ಹೆಸರಿನ ಹಕ್ಕಿದೆ.

ಅಲ್ಲಾಹನು ನಮ್ಮ ಗರ್ಭಿಣಿ ಸಹೋದರಿಯರಿಗೆ ಧೈರ್ಯವನ್ನೂ ಸುಖಪ್ರಸವವನ್ನೂ ಕರುಣಿಸಲಿ. ನೋವಿನಲ್ಲಿರುವ ತಂದೆ ತಾಯಂದಿರಿಗೆ ಸಬ್ರ್ ನೀಡಲಿ. ನಮ್ಮ ನಾಲಿಗೆಯಿಂದ ಅವರು ನೋಯದಂತೆ ನಮ್ಮನ್ನು ಕಾಪಾಡಲಿ. ಆಮೀನ್.